ಸಿಂಪಲ್ ಪಾಸ್ಟ್ ಮತ್ತು ಪ್ರೆಸೆಂಟ್ ಪರ್ಫೆಕ್ಟ್: ಕೋಲಾರ ಸೀಮೆಯ ಬಳಕೆ

ಆಗಿಹೋದ ಸಂಗತಿಯನ್ನು ಹೇಳಲು ಇಂಗ್ಲಿಷಿನಲ್ಲಿರುವ ಎರಡು ಮುಖ್ಯ ಕ್ರಿಯಾರೂಪಗಳಿವು. ಸಂಗತಿ ಯಾವಾಗ ನಡೆಯಿತೆಂದು ಹೇಳಿದ್ದರೆ, ಅಥವಾ ಕೇಳುವವರಿಗೆ ಅದು ಮೊದಲೇ ಗೊತ್ತಿದ್ದರೆ ಸಿಂಪಲ್ ಪಾಸ್ಟ್ ಬರುತ್ತದೆ: 'ಹಿ ಕೇಮ್ ಯೆಸ್ಟರ್‌ಡೇ'. ಯಾವಾಗ ಎಂಬುದನ್ನು ಬಿಟ್ಟು, ಅದರಿಂದ ಈಗ ಏನಾಗಿದೆ ಎಂಬುದರ ಮೇಲೆ ಕಣ್ಣಿದ್ದರೆ ಪ್ರೆಸೆಂಟ್ ಪರ್ಫೆಕ್ಟ್: 'ಹಿ ಹ್ಯಾಸ್ ಕಮ್'. ಹಿಂದೆ ಶುರುವಾಗಿ ಇಂದಿಗೂ ಮುಗಿಯದ ಸ್ಥಿತಿಗೂ ಇದೇ ರೂಪ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕನ್ನಡ, ತೆಲುಗು, ದಖನಿ ಉರ್ದು, ತಮಿಳು ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಹಾಗಾಗಿ ಇಂಗ್ಲಿಷ್ ಕಲಿಯುವವರು ಎಲ್ಲಿ ಎಡವುತ್ತಾರೆ ಎಂಬುದು ಮನೆಮಾತಿನ ಮೇಲೆ ನಿಂತಿದೆ.

ನಿಯಮದ ತಿರುಳು ತಿಳಿಯಲು ಕೆಜಿಎಫ್‌ನ ಚಿನ್ನದ ಗಣಿಗಳೇ ಸಾಕು. ಅವು ಮುಚ್ಚಿದ್ದು 2001ರಲ್ಲಿ. 'ದಿ ಮೈನ್ಸ್ ಕ್ಲೋಸ್ಡ್ ಇನ್ 2001' ಎಂದರೆ ಅಂದು ನಡೆದ ಘಟನೆ. 'ದಿ ಮೈನ್ಸ್ ಹ್ಯಾವ್ ಬೀನ್ ಕ್ಲೋಸ್ಡ್ ಸಿನ್ಸ್ 2001' ಎಂದರೆ ಅಂದಿನಿಂದ ಇಂದಿನವರೆಗಿನ ಸ್ಥಿತಿ. ಇಸವಿ ಒಂದೇ, 'ಇನ್' ಹೋಗಿ 'ಸಿನ್ಸ್' ಬಂದೊಡನೆ ಕ್ರಿಯಾಪದವೂ ಬದಲಾಗಬೇಕು. 'ಹ್ಯಾವ್ ಕ್ಲೋಸ್ಡ್ ಇನ್ 2001' ಎಂಬ ಬೆರಕೆಯನ್ನು ಇಂಗ್ಲಿಷ್ ಒಪ್ಪುವುದಿಲ್ಲ.

ಕನ್ನಡದಲ್ಲಿ ಇಂಥ ಭೇದವೇ ಇಲ್ಲ ಎಂದು ಹೇಳಿಕೊಡುವವರಿದ್ದಾರೆ. ಅದು ಸರಿಯಲ್ಲ. 'ಬಂದನು', 'ಬಂದಿದ್ದಾನೆ' ಎಂಬ ಜೋಡಿ ಇದ್ದೇ ಇದೆ. ಈ ಸೀಮೆಯ ಆಡುಮಾತಿನಲ್ಲಿ 'ಬಂದ', 'ಬಂದವ್ನೆ' ಎನ್ನುತ್ತಾರೆ. ಮಳೆಯಾದರೆ 'ಬಂತು', 'ಬಂದೈತೆ'. ಭೇದ ನಿಚ್ಚಳವಾಗಿ ಕಾಣುವುದು ಮಾತ್ರ ನಿಷೇಧದಲ್ಲಿ. ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಯಲ್ಲಿ ಬೆಳಗಿನ ಹರಾಜಿಗೆ ಮುಂಚೆ 'ಲೋಡ್ ಬಂದಿಲ್ಲ' ಎಂದರೆ ಇನ್ನೂ ಕಾಯಬಹುದು, ಗಾಡಿ ದಾರಿಯಲ್ಲಿರಬಹುದು. ಹರಾಜು ಮುಗಿದು ಬಾಕ್ಸುಗಳೆಲ್ಲ ಲಾರಿ ಹತ್ತಿದ ಮೇಲೆ ಅದೇ ವ್ಯಾಪಾರಿ 'ಲೋಡ್ ಬರಲಿಲ್ಲ' ಎನ್ನುತ್ತಾನೆ; ಅಲ್ಲಿಗೆ ಆ ದಿನದ ಲೆಕ್ಕ ಮುಗಿಯಿತು. ಮೊದಲನೆಯದು 'ಹ್ಯಾಸ್ ನಾಟ್ ಕಮ್', ಎರಡನೆಯದು 'ಡಿಡ್ ನಾಟ್ ಕಮ್'. ರಚನೆಯಲ್ಲೂ ಹೋಲಿಕೆ ಇದೆ. 'ಬಂದಿಲ್ಲ' ಎಂಬಲ್ಲಿ 'ಇಲ್ಲ'ದ ಹಿಂದಿರುವುದು ಭೂತರೂಪ, 'ಬರಲಿಲ್ಲ' ಎಂಬಲ್ಲಿ ಕಾಲದ ಗುರುತಿಲ್ಲದ 'ಬರಲ್'. ಇಂಗ್ಲಿಷಿನಲ್ಲೂ 'ಹ್ಯಾಸ್ ನಾಟ್' ಆದ ಮೇಲೆ 'ಸೀನ್', 'ಗಾನ್', 'ರಿಟನ್' ಬರುತ್ತವೆ. 'ಡಿಡ್ ನಾಟ್' ಆದ ಮೇಲೆ ಬರಿಯ 'ಸೀ', 'ಗೋ', 'ರೈಟ್'. 'ಡಿಡ್ ನಾಟ್ ವೆಂಟ್' ಎಂದು ಬರೆಯುವ ಹುಡುಗನಿಗೆ 'ಬಂದಲಿಲ್ಲ ಅಂತೀಯೇನಪ್ಪ?' ಎಂದು ಕೇಳಿದರೆ ತಪ್ಪು ಅವನಿಗೇ ಹೊಳೆಯುತ್ತದೆ. ಪಾಠವನ್ನು ನಿಷೇಧದಿಂದ ಶುರುಮಾಡುವ ವ್ಯಾಕರಣ ಪುಸ್ತಕಗಳು ವಿರಳ. ಹನ್ನೆರಡು ಕಾಲಗಳ ಪಟ್ಟಿಯಿಂದಲೇ ಆರಂಭಿಸುವುದು ರೂಢಿ, ಕನ್ನಡದ ಮಕ್ಕಳಿಗೆ ಅದರಿಂದ ನಷ್ಟವೇ ಹೆಚ್ಚು.

ಆಂಧ್ರದ ಗಡಿಗೆ ಹತ್ತಿದ ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳು ಬಹಳ. ತೆಲುಗಿನ 'ರಾಲೇದು' ಬರಲಿಲ್ಲ, ಬಂದಿಲ್ಲ ಎರಡಕ್ಕೂ ಸಲ್ಲುತ್ತದೆ. ಇನ್ನೂ ಬಂದಿಲ್ಲ ಎಂದು ಒತ್ತಿ ಹೇಳಬೇಕಾದರೆ ಮುಂದೆ 'ಇಂಕಾ' ಸೇರಿಸುತ್ತಾರೆ. 'ವಚ್ಚಾಡು' ಕೂಡ ಸಾಮಾನ್ಯವಾಗಿ ಬಂದ, ಬಂದಿದ್ದಾನೆ ಎರಡನ್ನೂ ನಿಭಾಯಿಸುತ್ತದೆ. ಹೀಗಾಗಿ ಇಂಗ್ಲಿಷಿನ ಈ ಭೇದಕ್ಕೆ ಆ ಮಕ್ಕಳಿಗೆ ಒದಗುವ ಆಸರೆ ಮನೆಮಾತಲ್ಲ, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ಕಲಿತ ಕನ್ನಡ.

ಕನ್ನಡವೂ ಎಲ್ಲ ಕಡೆ ಕೈಹಿಡಿಯುವುದಿಲ್ಲ. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾಗಿರುವುದನ್ನು ಕಂಡವರು 'ರಾತ್ರಿ ಮಳೆ ಬಂದಿದೆ' ಎನ್ನುತ್ತಾರೆ. ಮಳೆಯನ್ನು ಅವರು ನೋಡಿಲ್ಲ, ಗುರುತು ನೋಡಿ ಊಹಿಸಿದ್ದಾರೆ. ಕನ್ನಡದ ಈ ರೂಪಕ್ಕೆ ಊಹೆಯ ಛಾಯೆಯೂ ಉಂಟು, 'ರಾತ್ರಿ', 'ನಿನ್ನೆ', 'ಹೋದ ವರ್ಷ' ಎಂಬ ಕಾಲಸೂಚಕಗಳೂ ಅದಕ್ಕೆ ಒಗ್ಗುತ್ತವೆ. ಇಂಗ್ಲಿಷಿನಲ್ಲಿ 'ಲಾಸ್ಟ್ ನೈಟ್' ಎಂದು ಬಾಯಿಬಿಟ್ಟ ಮೇಲೆ 'ಇಟ್ ರೈನ್ಡ್' ಎಂದೇ ಆಗಬೇಕು.

ತೀರಿಕೊಂಡವರ ವಿಷಯದಲ್ಲೂ ಇದೇ ತೊಡಕು. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತ ಮಾಸ್ತಿ ವೆಂಕಟೇಶ ಅಯ್ಯಂಗಾರ್ 1986ರಲ್ಲಿ ನಿಧನರಾದರು. 'ಮಾಸ್ತಿಯವರು ಅನೇಕ ಸಣ್ಣಕಥೆಗಳನ್ನು ಬರೆದಿದ್ದಾರೆ' ಎಂದು ಇಂದಿಗೂ ನಾವು ನಿರಾತಂಕವಾಗಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ 'ಮಾಸ್ತಿ ಹ್ಯಾಸ್ ರಿಟನ್' ಎಂದರೆ ಲೇಖಕರು ಬದುಕಿದ್ದಾರೆ, ಇನ್ನೂ ಬರೆಯಬಹುದು ಎಂಬ ಅರ್ಥ ಬಂದುಬಿಡುತ್ತದೆ. ಅಲ್ಲಿ 'ರೋಟ್' ಎನ್ನಬೇಕು. 1983ರ ಜ್ಞಾನಪೀಠ ಪ್ರಶಸ್ತಿಯ ಮಾತು ಬಂದಾಗಲೂ 'ವನ್' ಹೊರತು 'ಹ್ಯಾಸ್ ವನ್' ಅಲ್ಲ. ಆದರೆ ಕೃತಿಯೇ ಕರ್ತೃವಾದಾಗ 'ಹಿಸ್ ಸ್ಟೋರೀಸ್ ಹ್ಯಾವ್ ಬೀನ್ ಟ್ರಾನ್ಸ್‌ಲೇಟೆಡ್' ಎನ್ನಲು ಅಡ್ಡಿಯಿಲ್ಲ, ಕಥೆಗಳು ಇನ್ನೂ ಇವೆಯಲ್ಲ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿ 1975ರಲ್ಲಿ ತೀರಿಕೊಂಡ ಡಿ.ವಿ. ಗುಂಡಪ್ಪನವರ ಬಗ್ಗೆ ಬರೆಯುವವರಿಗೂ ಇದೇ ಸೂತ್ರ.

'ಹತ್ತು ವರ್ಷದಿಂದ ಇಲ್ಲಿದ್ದೇನೆ' ಎಂಬ ವರ್ತಮಾನದ ವಾಕ್ಯ 'ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್' ಆಗಿ ಹೊರಬರುವುದು ಎಲ್ಲೆಲ್ಲೂ ಕೇಳುವ ಮಾತು. ಅವಧಿಗೂ ಆರಂಭಕ್ಕೂ ಕನ್ನಡಕ್ಕೆ 'ಇಂದ' ಸಾಕು. ಇಂಗ್ಲಿಷಿಗೆ ಅವಧಿಗೆ 'ಫಾರ್', ಆರಂಭಕ್ಕೆ 'ಸಿನ್ಸ್', ಜೊತೆಗೆ 'ಹ್ಯಾವ್' ಬೇಕು. 'ಊಟ ಆಯ್ತಾ?' ಎಂಬುದು ರೂಪದಲ್ಲಿ ಭೂತಕಾಲವಾದರೂ ಬ್ರಿಟಿಷ್ ಇಂಗ್ಲಿಷಿನಲ್ಲಿ 'ಹ್ಯಾವ್ ಯು ಈಟನ್?' ಆಗುತ್ತದೆ. ಒಳಮನೆಯಿಂದ 'ಬಂದೆ, ಬಂದೆ' ಎಂದು ಕೂಗುವವರು ಇನ್ನೂ ಎದ್ದೇ ಇರುವುದಿಲ್ಲ. ಆ ಭೂತಕಾಲಕ್ಕೆ ಇಂಗ್ಲಿಷಿನ ಯಾವ ಭೂತಕಾಲವೂ ಸರಿಹೊಂದದು.

ಇಂಗ್ಲಿಷಿನ ಪರ್ಫೆಕ್ಟ್ ಹುಟ್ಟಿದ್ದು 'ಇಟ್ಟುಕೊಂಡಿರು' ಎಂಬರ್ಥದ 'ಹ್ಯಾವ್'ನಿಂದ: ಮುಗಿಸಿದ ಕೆಲಸವೊಂದು ನನ್ನ ಬಳಿ ಇದೆ ಎಂಬ ಹಳೆಯ ಮಾತು ಕ್ರಮೇಣ ಆ ಕೆಲಸ ಮುಗಿಸಿದ್ದೇನೆ ಎಂದಾಯಿತು. ಬರು, ಹೋಗು ಮುಂತಾದ ಕ್ರಿಯೆಗಳಿಗೆ ಮಾತ್ರ ಬಹುಕಾಲ 'ಹಿ ಈಸ್ ಕಮ್' ಎಂಬ ರೂಪವಿತ್ತು. 'ಬಂದು ಇದ್ದಾನೆ' ಕೂಡಿ 'ಬಂದಿದ್ದಾನೆ' ಆದ ನಮ್ಮ ರೂಪಕ್ಕೆ ಅದು ಹೆಚ್ಚು ಹತ್ತಿರ. ಹತ್ತೊಂಬತ್ತನೆಯ ಶತಮಾನ ಕಳೆಯುವ ಹೊತ್ತಿಗೆ ಅದು ಬಹುಮಟ್ಟಿಗೆ ಮರೆಯಾಗಿತ್ತು.

ಶಾಲೆಗಳು ಕಲಿಸುವುದು ಬ್ರಿಟಿಷ್ ಪದ್ಧತಿ. 'ಜಸ್ಟ್', 'ಆಲ್ರೆಡಿ', 'ಯೆಟ್' ಇದ್ದರೆ ಪರ್ಫೆಕ್ಟ್ ಎಂದು ಉರುಹೊಡೆಸುತ್ತಾರೆ. ಅಮೆರಿಕನ್ನರು 'ಐ ಆಲ್ರೆಡಿ ಏಟ್' ಎಂದು ಸಲೀಸಾಗಿ ಹೇಳುತ್ತಾರೆ, ಅವರಲ್ಲಿ ಅದು ತಪ್ಪಲ್ಲ. ನರಸಾಪುರದ ಕಾರ್ಖಾನೆಗೋ ಬೆಂಗಳೂರಿನ ಕಚೇರಿಗೋ ಅರ್ಜಿ ಹಾಕುವವರು ಬರೆಯುವ 'ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2019' ಎಂಬ ವಾಕ್ಯವನ್ನು ಮಾತ್ರ ಎರಡೂ ಪದ್ಧತಿಗಳು ಒಪ್ಪುವುದಿಲ್ಲ. ಭಾರತದ ಉದ್ದಗಲಕ್ಕೂ ಇದು ನಡೆಯುತ್ತದೆ, ಅರ್ಥವಾಗದೆ ಯಾರೂ ಕಂಗಾಲಾಗಿಲ್ಲ. ತಿದ್ದಲು 'ಹ್ಯಾವ್' ತೆಗೆದರಾಯಿತು, ಇಲ್ಲವೇ ಇಸವಿಯನ್ನು.