ಅಂಗಳಕ್ಕೆ ಇಂಟರ್‌ಲಾಕ್: ಅಗ್ಗದ ಕೆಲಸದಲ್ಲಿ ಮೋಸ ಹೋಗದಿರಿ

ಕಾಸರಗೋಡು ಜಿಲ್ಲೆಯ ಹಳ್ಳಿಮನೆಗಳಿಗೆ ಅಂಗಳ ಬರಿಯ ಖಾಲಿ ಜಾಗವಲ್ಲ. ಅಡಿಕೆ ಒಣಗುವುದು, ಮದುವೆಗೆ ಚಪ್ಪರ ಏಳುವುದು, ವಾಹನ ನಿಲ್ಲುವುದು ಎಲ್ಲ ಅಲ್ಲೇ. ಸೆಗಣಿ ಸಾರಿಸುತ್ತಿದ್ದ ಮಣ್ಣಿನ ಅಂಗಳಕ್ಕೆ ಈಗ ಇಂಟರ್‌ಲಾಕ್ ಕಲ್ಲು ಅಥವಾ ಕಾಂಕ್ರೀಟು ಹಾಕಿಸುವವರು ಹೆಚ್ಚಾಗಿದ್ದಾರೆ. ಚದರ ಅಡಿಗೆ ಹತ್ತಾರು ರೂಪಾಯಿ ಕಡಿಮೆ ಹೇಳಿದ ಮೇಸ್ತ್ರಿಗೆ ಕೆಲಸ ಒಪ್ಪಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಕಡಿಮೆ ಎಲ್ಲಿಂದ ಬಂತು? ಹೆಚ್ಚಿನ ಸಂದರ್ಭಗಳಲ್ಲಿ ಅದು ಕಣ್ಣಿಗೆ ಕಾಣದ ತಳದಿಂದ ಬಂದಿರುತ್ತದೆ.

ತಳದಲ್ಲಿ ಏನಿರಬೇಕು?

ಸಡಿಲ ಮಣ್ಣು ತೆಗೆದು ನೆಲವನ್ನು ಅದುಮಬೇಕು. ಅದರ ಮೇಲೆ 4ರಿಂದ 6 ಇಂಚು ಜಲ್ಲಿ ಹಾಕಿ ಯಂತ್ರದಿಂದ ಗಟ್ಟಿ ಮಾಡಬೇಕು. ಆಮೇಲೆ ಒಂದರಿಂದ ಒಂದೂವರೆ ಇಂಚು ಹೊಯ್ಗೆ ಅಥವಾ ಎಂ-ಸ್ಯಾಂಡ್, ಅದರ ಮೇಲೆ ಕಲ್ಲು. ಕಲ್ಲಿನ ಸಂದುಗಳಿಗೆ ಸಣ್ಣ ಹೊಯ್ಗೆ ತುಂಬಿ ಇನ್ನೊಮ್ಮೆ ಯಂತ್ರ ಓಡಿಸಬೇಕು. ಸುತ್ತಲೂ ಕಾಂಕ್ರೀಟಿನ ಅಂಚುಕಟ್ಟು ಇರಲೇಬೇಕು. ಅದಿಲ್ಲದಿದ್ದರೆ ಬದಿಯ ಕಲ್ಲುಗಳು ಹೊರಕ್ಕೆ ಜಾರಿ ಸಂದುಗಳು ಬಾಯಿ ಬಿಡುತ್ತವೆ.

1000 ಚದರ ಅಡಿಯ ಅಂಗಳಕ್ಕೆ 4 ಇಂಚು ಜಲ್ಲಿ ಎಂದರೆ ಸುಮಾರು 333 ಘನ ಅಡಿ. ಇದನ್ನು ಬಿಟ್ಟು ಮಣ್ಣಿನ ಮೇಲೆಯೇ ಪುಡಿ ಹರಡಿ ಕಲ್ಲು ಜೋಡಿಸಿದರೆ ಜಲ್ಲಿಯ ಹಣ, ಸಾಗಾಟ, ಎರಡು ದಿನದ ಕೂಲಿ ಎಲ್ಲ ಉಳಿಯುತ್ತದೆ. ಮುಗಿದ ದಿನ ಎರಡೂ ಅಂಗಳ ಒಂದೇ ರೀತಿ ಕಾಣುತ್ತವೆ. ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ಒಂದೇ ಮಳೆಗಾಲಕ್ಕೆ ವ್ಯತ್ಯಾಸ ತಿಳಿಯುತ್ತದೆ. ಚಕ್ರ ಹೋಗುವ ಕಡೆ ಕಲ್ಲು ಕುಸಿದು ನೀರು ನಿಲ್ಲುತ್ತದೆ. ಹೊಸದಾಗಿ ಮಣ್ಣು ತುಂಬಿಸಿದ ಜಾಗವಾದರೆ ಒಂದು ಮಳೆಗಾಲ ಕಳೆದ ಮೇಲೆ ಕೆಲಸ ಮಾಡಿಸುವುದು ಒಳ್ಳೆಯದು.

ಕಲ್ಲಿನ ದಪ್ಪ ಅಳೆಯಿರಿ

ನೆಲಕ್ಕೆ ಹಾಸುವ ಕಾಂಕ್ರೀಟು ಕಲ್ಲುಗಳಿಗೆ ಐಎಸ್ 15658 ಎಂಬ ಭಾರತೀಯ ಮಾನಕವಿದೆ. 2006ರ ಮಾನಕದ ಪ್ರಕಾರ ಜನ ಮಾತ್ರ ಓಡಾಡುವಲ್ಲಿ 50 ಮಿ.ಮೀ., ಕಾರಿನಂಥ ಹಗುರ ವಾಹನ ಬರುವಲ್ಲಿ 60 ಮಿ.ಮೀ., ಅದಕ್ಕಿಂತ ಹೆಚ್ಚಿನ ಓಡಾಟವಿದ್ದರೆ 80 ಮಿ.ಮೀ. ದಪ್ಪದ ಕಲ್ಲು ಬೇಕು. ಅಡಿಕೆ, ಗೊಬ್ಬರದ ಲೋಡು ಅಂಗಳಕ್ಕೇ ಬರುವುದಿದ್ದರೆ ಇದನ್ನು ಮೊದಲೇ ಹೇಳಿ. ಕಲ್ಲು ಇಳಿಸುವಾಗ ನಾಲ್ಕಾರು ಕಲ್ಲುಗಳನ್ನು ಸ್ಕೇಲಿನಿಂದ ಅಳೆಯಿರಿ. ಮೊಳೆಯಿಂದ ಗೀರಿದಾಗ ಪುಡಿ ಉದುರುವ, ಮೂಲೆ ಮುರಿದ ಕಲ್ಲನ್ನು ಹಿಂದೆ ಕಳುಹಿಸಿ.

ನೀರಿಗೆ ದಾರಿ

ಮನೆಯ ಗೋಡೆಯಿಂದ ಹೊರಕ್ಕೆ 10 ಅಡಿಗೆ ಸುಮಾರು 2 ಇಂಚು ಇಳಿಜಾರು ಬೇಕು. ಇಳಿಜಾರು ಬಾವಿಯ ಕಡೆಗೆ ಇರಬಾರದು. ಅಂಗಳ ತೊಳೆದ ಕೊಳೆನೀರು ಅಲ್ಲಿಗೆ ಹೋಗುತ್ತದೆ. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ಮಳೆನೀರು ಇಂಗುವುದು ನಿಲ್ಲುತ್ತದೆ. ಬೇಸಗೆಯಲ್ಲಿ ಬಾವಿಯನ್ನೇ ನಂಬಿದವರು ಇದನ್ನು ಮರೆಯಬಾರದು. ನೀರಿನ ಪೈಪು, ಕರೆಂಟಿನ ಕೇಬಲು ಹೋಗಬೇಕಾದ ಕೊಳವೆಗಳನ್ನು ಕಲ್ಲು ಹಾಸುವ ಮೊದಲೇ ಹುಗಿಸಿ.

ಕಾಂಕ್ರೀಟು ಹಾಕಿಸುವವರು

ಅಡಿಕೆ ಒಣಗಿಸಲು ಕಾಂಕ್ರೀಟು ಅಂಗಳ ಬೇಕೆನ್ನುವವರು ದಪ್ಪ ಎಲ್ಲ ಕಡೆ 4 ಇಂಚು ಇದೆಯೇ ಎಂದು ನೋಡಬೇಕು. ಬದಿಯಲ್ಲಿ 4, ನಡುವೆ 2 ಇಂಚು ಹಾಕುವುದು ಹಳೆಯ ಉಪಾಯ. ಕೆಲಸ ಸುಲಭವಾಗಲೆಂದು ನೀರು ಹೆಚ್ಚು ಸುರಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಕನಿಷ್ಠ 7 ದಿನ ಅದನ್ನು ಒದ್ದೆಯಾಗಿಡಬೇಕು. ಅಲ್ಲಲ್ಲಿ ಸಂದು ಬಿಡದಿದ್ದರೆ ತಾನಾಗಿಯೇ ಬಿರುಕು ಬಿಡುತ್ತದೆ.

ಹಣ ಮತ್ತು ಕಾಗದ

ಒಟ್ಟು ಮೊತ್ತ ಮಾತ್ರ ಬರೆದ ಚೀಟಿಗೆ ಒಪ್ಪಬೇಡಿ. ಜಲ್ಲಿಯ ದಪ್ಪ, ಕಲ್ಲಿನ ದಪ್ಪ, ಅಂಚುಕಟ್ಟು, ಅಳತೆಯ ರೀತಿ, ಮಣ್ಣು ಸಾಗಿಸುವ ಖರ್ಚು ಬೇರೆ ಬೇರೆಯಾಗಿ ಬರೆದಿರಲಿ. ಕರಾರು ಇಂಥ ಭಾಷೆಯಲ್ಲೇ ಇರಬೇಕೆಂಬ ನಿಯಮವಿಲ್ಲ. ಮಲಯಾಳದಲ್ಲಿ ಬರೆದುಕೊಟ್ಟದ್ದು ಪೂರ್ತಿ ಓದಲು ಬಾರದಿದ್ದರೆ ಕನ್ನಡದಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ.

ಮುಂಗಡ ಕಡಿಮೆ ಇರಲಿ. ತಳ ಮುಗಿದಾಗ ನೋಡಿ, ಅಳೆದು, ಫೋಟೋ ತೆಗೆದು ಮುಂದಿನ ಕಂತು ಕೊಡಿ. ಸ್ವಲ್ಪ ಮೊತ್ತವನ್ನು ಮೊದಲ ಜೋರು ಮಳೆಯ ತನಕ ಉಳಿಸಿಕೊಳ್ಳುವಂತೆ ಮೊದಲೇ ಮಾತಾಡಿಕೊಳ್ಳಿ. ಹಣವನ್ನು ಬ್ಯಾಂಕು ಅಥವಾ ಯುಪಿಐ ಮೂಲಕ ಕೊಟ್ಟರೆ ದಾಖಲೆ ಉಳಿಯುತ್ತದೆ. ‘ಬಿಲ್ಲು ಬೇಡವಾದರೆ ಇನ್ನೂ ಕಡಿಮೆ’ ಎಂಬ ಮಾತಿಗೆ ಒಪ್ಪಿದರೆ ನಾಳೆ ಕೈಯಲ್ಲಿ ಪುರಾವೆ ಇರುವುದಿಲ್ಲ.

ಕೆಲಸ ಕೆಟ್ಟರೆ

ಗಡಿಯೂರಿನವರಿಗೆ ಮುಖ್ಯವಾದ ವಿಷಯವೊಂದಿದೆ. ಕೆಲಸ ಹಿಡಿದವನು ಮಂಗಳೂರು ಕಡೆಯವನಾದರೆ ಅಲ್ಲಿಗೇ ಹೋಗಿ ದೂರು ಕೊಡಬೇಕೆಂದೇನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ, ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ 2 ವರ್ಷದೊಳಗೆ ದೂರು ಕೊಡಬೇಕು. ಮೊದಲು ಲಿಖಿತವಾಗಿ ನೋಟಿಸು ಕಳುಹಿಸಿ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೆಲಸ ಒಪ್ಪಿಸುವ ಮೊದಲು ಅದೇ ಮೇಸ್ತ್ರಿ ಎರಡು ಮಳೆಗಾಲದ ಹಿಂದೆ ಮಾಡಿದ ಅಂಗಳವೊಂದನ್ನು ಹೋಗಿ ನೋಡಿ. ಮಳೆ ಬಂದ ಮರುದಿನ ಹೋದರೆ ಇನ್ನೂ ಒಳ್ಳೆಯದು. ನೀರು ಎಲ್ಲಿ ನಿಂತಿದೆ ಎಂಬುದು ಎಲ್ಲವನ್ನೂ ಹೇಳುತ್ತದೆ.