ಗೊರವನಹಳ್ಳಿಯ ಲಕ್ಷ್ಮಿ ಮತ್ತು ವರಮಹಾಲಕ್ಷ್ಮಿ ವ್ರತ
ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ತೀತಾ ಜಲಾಶಯಕ್ಕೆ ಹತ್ತಿರದ ಊರು. ಇಲ್ಲಿನ ಮಹಾಲಕ್ಷ್ಮಿಯ ಕಲ್ಲು ಅಬ್ಬಯ್ಯ ಎಂಬ ಬಡ ರೈತನಿಗೆ ನರಸಯ್ಯನಪಾಳ್ಯದ ಕೆರೆಯಲ್ಲಿ ದೊರೆಯಿತು, ಅದನ್ನು ಮನೆಗೆ ತಂದು ಪೂಜಿಸಿದ ಮೇಲೆ ಅವನ ಬಡತನ ನೀಗಿತು ಎಂಬುದು ಸ್ಥಳಕಥೆ. ಅವನ ನಂತರ ತಮ್ಮ ತೋಟದಪ್ಪ ಗುಡಿ ಕಟ್ಟಿಸಿದನೆಂದೂ, ಮುಂದೆ ಪೂಜೆ ನಿಂತುಹೋಗಿ ಗುಡಿ ಪಾಳುಬಿದ್ದಿತೆಂದೂ ಹೇಳುತ್ತಾರೆ. ಅದಕ್ಕೆ ಮತ್ತೆ ಜೀವ ತುಂಬಿದವರು ಕಮಲಮ್ಮ. 20ನೇ ಶತಮಾನದಲ್ಲಿ ಒಬ್ಬ ಹೆಣ್ಣುಮಗಳು ಪಾಳುಗುಡಿಯಲ್ಲಿ ದೀಪ ಹಚ್ಚಿ ನಿತ್ಯಪೂಜೆ ನಡೆಸಿದ್ದು ಈ ಕ್ಷೇತ್ರದ ಇತಿಹಾಸದ ಅತಿ ದೊಡ್ಡ ಸಂಗತಿ. ಇಂದಿನ ಜನಸಂದಣಿಯ ಬೇರು ಅಲ್ಲಿದೆ.

ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಬರುವ ವರಮಹಾಲಕ್ಷ್ಮಿ ವ್ರತ ಇಲ್ಲಿ ವಿಶೇಷ. ಕುಂಡಿನ ನಗರದ ಚಾರುಮತಿಗೆ ದೇವಿ ಕನಸಿನಲ್ಲಿ ಬಂದು ವ್ರತ ತಿಳಿಸಿದಳೆಂಬುದು ಆ ದಿನ ಓದುವ ಕಥೆ. ಮನೆಗಳಲ್ಲಿ ಹಿಂದಿನ ದಿನವೇ ಸಾರಿಸಿ, ಮಂಟಪ ಕಟ್ಟಿ, ಬಾಳೆಕಂಬ ನಿಲ್ಲಿಸುತ್ತಾರೆ. ಅಕ್ಕಿ ಹರಡಿದ ತಟ್ಟೆಯ ಮೇಲೆ ಕಲಶವಿಟ್ಟು, ಮಾವಿನೆಲೆ ಜೋಡಿಸಿ, ಅರಿಶಿನ ಹಚ್ಚಿದ ತೆಂಗಿನಕಾಯಿ ಕೂರಿಸಿ, ಬೆಳ್ಳಿಯ ಮುಖವಾಡ ಕಟ್ಟಿ, ನೆರಿಗೆ ಹಿಡಿದು ಸೀರೆ ಉಡಿಸುತ್ತಾರೆ. ಸೀರೆಯ ನೆರಿಗೆ ಕೂರಿಸುವುದಕ್ಕೇ ಗಂಟೆಗಟ್ಟಲೆ ಹಿಡಿಯುವುದುಂಟು.

ವ್ರತ ಹಿಡಿದವರು ಪೂಜೆ ಮುಗಿಯುವವರೆಗೆ ಊಟ ಮಾಡುವುದಿಲ್ಲ. ಕಟ್ಟುನಿಟ್ಟು ಮನೆಮನೆಗೆ ಬೇರೆ: ಕೆಲವರು ನೀರನ್ನೂ ಮುಟ್ಟರು, ಕೆಲವರು ಹಾಲು ಹಣ್ಣು ತೆಗೆದುಕೊಳ್ಳುತ್ತಾರೆ, ಬಸುರಿ ಬಾಣಂತಿಯರಿಗೆ, ಕಾಯಿಲೆಯವರಿಗೆ ವಿನಾಯಿತಿ ಇದೆ. ಒಂಬತ್ತು ಎಳೆಯ, ಒಂಬತ್ತು ಗಂಟಿನ ಅರಿಶಿನ ದಾರವನ್ನು ಪೂಜಿಸಿ ಬಲಗೈಗೆ ಕಟ್ಟಿಕೊಂಡ ಮೇಲೆ ಹೋಳಿಗೆ, ಕೋಸಂಬರಿಯ ನೈವೇದ್ಯ. ಸಂಜೆ ಮುತ್ತೈದೆಯರಿಗೆ ಅರಿಶಿನ ಕುಂಕುಮ, ತಾಂಬೂಲ. ಮರುದಿನ ಕಲಶ ಕದಲಿಸಿ, ಅದರಡಿಯ ಅಕ್ಕಿಯಿಂದ ಪಾಯಸ ಮಾಡಿ ಮನೆಯವರೆಲ್ಲ ಉಣ್ಣುತ್ತಾರೆ.