ಸರ್ಕಾರಿ ಶಾಲೆಗೆ ವರ್ಷಕ್ಕೆ ಎಷ್ಟು ಹಣ ಬರುತ್ತೆ? 31ನೇ ಮಗು ಸೇರಿದರೆ 15 ಸಾವಿರ ಹೆಚ್ಚು! ಇಲ್ಲಿದೆ ಶಾಲಾ ಅನುದಾನದ ಲೆಕ್ಕ

ಒಂದು ಸರ್ಕಾರಿ ಶಾಲೆಯಲ್ಲಿ 30 ಮಕ್ಕಳಿದ್ದಾರೆ ಎಂದುಕೊಳ್ಳಿ. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯ ಮಾನದಂಡದಂತೆ ಆ ಶಾಲೆಯ ವರ್ಷದ ನಿರ್ವಹಣೆಗೆ ಸಿಗುವುದು 10 ಸಾವಿರ ರೂಪಾಯಿ. ಜೂನ್‌ನಲ್ಲಿ ಇನ್ನೊಂದು ಮಗು ಬಂದು ಸೇರಿತು, ಸಂಖ್ಯೆ 31 ಆಯಿತು. ಆಗ ಅದೇ ಶಾಲೆ 25 ಸಾವಿರ ರೂಪಾಯಿಗೆ ಅರ್ಹ. ಕಟ್ಟಡ ಅದೇ, ಹೆಂಚು ಅದೇ, ಶೌಚಾಲಯವೂ ಅದೇ. ಮರುವರ್ಷ ಒಂದು ಕುಟುಂಬ ಕೆಲಸ ಹುಡುಕಿಕೊಂಡು ಊರು ಬಿಟ್ಟರೆ ಅನುದಾನ ಮತ್ತೆ 10 ಸಾವಿರಕ್ಕೆ ಇಳಿಯುತ್ತದೆ.

ಸರ್ಕಾರಿ ಶಾಲೆಗಳ ಹಣದ ವಿಷಯ ಬಂದಾಗಲೆಲ್ಲ ಚರ್ಚೆ ಸಾವಿರಾರು ಕೋಟಿಗಳ ಬಜೆಟ್ ಸುತ್ತಲೇ ಸುತ್ತುತ್ತದೆ. ಮುಖ್ಯ ಶಿಕ್ಷಕರ ಕೈಗೆ ಬರುವ ಈ ಸಣ್ಣ ಮೊತ್ತದ ಬಗ್ಗೆ ಮಾತು ಕಡಿಮೆ. ಶಾಲೆ ದಿನನಿತ್ಯ ನಡೆಯುವುದು ಮಾತ್ರ ಇದರಲ್ಲೇ.

ಏನಿದು ಸಂಯುಕ್ತ ಶಾಲಾ ಅನುದಾನ?

2018-19ರಲ್ಲಿ ಸರ್ವ ಶಿಕ್ಷಾ ಅಭಿಯಾನ, ಮಾಧ್ಯಮಿಕ ಶಿಕ್ಷಾ ಅಭಿಯಾನ ಮತ್ತು ಶಿಕ್ಷಕರ ತರಬೇತಿ ಯೋಜನೆಗಳನ್ನು ಒಂದುಗೂಡಿಸಿ ಸಮಗ್ರ ಶಿಕ್ಷಾ ಆರಂಭಿಸಲಾಯಿತು. ಇದರಡಿ ಪ್ರತಿ ಸರ್ಕಾರಿ ಶಾಲೆಗೂ ವರ್ಷಕ್ಕೊಮ್ಮೆ ಸಂಯುಕ್ತ ಅನುದಾನ ಕೊಡಲಾಗುತ್ತದೆ. ಈಗಿನ ದರ ಹೀಗಿದೆ: 30 ಮಕ್ಕಳವರೆಗೆ 10 ಸಾವಿರ, 31ರಿಂದ 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, 1,000ದವರೆಗೆ 75 ಸಾವಿರ, ಅದಕ್ಕೂ ಮೇಲಿದ್ದರೆ 1 ಲಕ್ಷ ರೂಪಾಯಿ. ಇದರಲ್ಲಿ ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೇ ಮೀಸಲಿಡಬೇಕು.

ಈ ಹಣದಲ್ಲಿ ಏನೆಲ್ಲಾ ಆಗಬೇಕು ಗೊತ್ತೇ? ಸೀಮೆಸುಣ್ಣ, ರಿಜಿಸ್ಟರ್, ಪತ್ರಿಕೆ, ಆಟದ ಸಾಮಾನು, ಪ್ರಯೋಗಾಲಯದ ವಸ್ತುಗಳು, ಕರೆಂಟ್ ಬಿಲ್, ಇಂಟರ್ನೆಟ್, ಕುಡಿಯುವ ನೀರು, ಕೆಟ್ಟುಹೋದ ಉಪಕರಣಗಳ ಬದಲಾವಣೆ, ಶೌಚಾಲಯ ಮತ್ತು ಕಟ್ಟಡದ ನಿರ್ವಹಣೆ. 10 ಸಾವಿರದಲ್ಲಿ ಸ್ವಚ್ಛತೆಯ ಒಂದು ಸಾವಿರ ತೆಗೆದಿಟ್ಟರೆ ತಿಂಗಳಿಗೆ ಉಳಿಯುವುದು 750 ರೂಪಾಯಿ. ನಗರದ ಒಂದು ಮನೆಯ ಇಂಟರ್ನೆಟ್ ಬಿಲ್ಲೇ ಇದರ ಹತ್ತಿರ ಬರುತ್ತದೆ.

ತಲೆ ಲೆಕ್ಕ ಹಾಕಿದರೆ ಚಿತ್ರ ಬೇರೆ ಕಾಣುತ್ತದೆ ಎನ್ನಬಹುದು. ಅದೂ ನಿಜವೇ. 30 ಮಕ್ಕಳ ಶಾಲೆಯಲ್ಲಿ ಮಗುವಿಗೆ 333 ರೂಪಾಯಿ ಬಿದ್ದರೆ, 1,000 ಮಕ್ಕಳ ಶಾಲೆಯಲ್ಲಿ ಕೇವಲ 75. ಕಾಗದದ ಮೇಲೆ ಸಣ್ಣ ಶಾಲೆಗೇ ಲಾಭ. ಆದರೆ ಮಳೆಗಾಲದಲ್ಲಿ ಸೋರುವ ಮಾಡು ಒಳಗೆ ಎಷ್ಟು ಮಕ್ಕಳಿದ್ದಾರೆ ಎಂದು ನೋಡಿ ಸೋರುವುದಿಲ್ಲ. ನೀರಿನ ಪಂಪ್ ಸುಟ್ಟುಹೋದರೆ ರಿಪೇರಿಯವನು 30 ಮಕ್ಕಳ ಶಾಲೆಗೆಂದು ಕಡಿಮೆ ಕೂಲಿ ತೆಗೆದುಕೊಳ್ಳುವುದಿಲ್ಲ. ಶಾಲೆ ಎಷ್ಟೇ ಚಿಕ್ಕದಿರಲಿ, ಒಂದಿಷ್ಟು ಖರ್ಚು ಇದ್ದೇ ಇರುತ್ತದೆ. ಮಲೆನಾಡಿನ, ಗಡಿ ತಾಲೂಕುಗಳ ಸಣ್ಣ ಶಾಲೆಗಳು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಸೌಲಭ್ಯ ಹದಗೆಟ್ಟರೆ ಪೋಷಕರು ಮಕ್ಕಳನ್ನು ಬಿಡಿಸುತ್ತಾರೆ, ಮಕ್ಕಳು ಕಡಿಮೆಯಾದರೆ ಅನುದಾನ ಕುಸಿಯುತ್ತದೆ.

ಕಾನೂನು ಹೇಳುವುದೇ ಬೇರೆ

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದಕ್ಕೆ ಬೇರೆಯದೇ ದಾರಿ ಇದೆ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ ಮುಕ್ಕಾಲು ಭಾಗ ಸದಸ್ಯರು ಪೋಷಕರೇ ಆಗಿರಬೇಕು. ಕರ್ನಾಟಕದಲ್ಲಿ ನಾವು ಎಸ್‌ಡಿಎಂಸಿ ಎಂದು ಕರೆಯುವುದು ಇಂಥ ಸಮಿತಿಯನ್ನೇ. 22ನೇ ಸೆಕ್ಷನ್ ಪ್ರಕಾರ ಈ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕು. ಆ ಯೋಜನೆಯೇ ಸರ್ಕಾರ ಕೊಡುವ ಅನುದಾನಕ್ಕೆ ಆಧಾರವಾಗಬೇಕು ಎಂದೂ ಅದೇ ಸೆಕ್ಷನ್‌ನಲ್ಲಿದೆ.

ಅಂದರೆ ಶಾಲೆಗೆ ಏನು ಬೇಕು ಎಂದು ಮೊದಲು ಪಟ್ಟಿ ಮಾಡಿ, ನಂತರ ಹಣ ಎಷ್ಟು ಎಂದು ತೀರ್ಮಾನಿಸಬೇಕು. ನಿರ್ವಹಣಾ ಅನುದಾನದಲ್ಲಿ ಆಗುತ್ತಿರುವುದು ತದ್ವಿರುದ್ಧ. ಮಕ್ಕಳ ಸಂಖ್ಯೆ ನೋಡಿ ಮೊತ್ತ ಮೊದಲೇ ನಿಗದಿಯಾಗಿರುತ್ತದೆ, ಅದಕ್ಕೆ ತಕ್ಕಂತೆ ಪಟ್ಟಿ ಮೊಟಕಾಗುತ್ತದೆ. ಸಮಿತಿಯಲ್ಲಿ ಕೂತ ಪೋಷಕರು ಬರೆದ ಯೋಜನೆ ಬಹುತೇಕ ಕಡತಕ್ಕೆ ಸೀಮಿತ.

ಹಣದ ಮೂಲ ಯಾವುದು?

ಶಿಕ್ಷಣ ಮೊದಲು ರಾಜ್ಯಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿಯ ಬಳಿಕ ಸಮವರ್ತಿ ಪಟ್ಟಿಗೆ ಬಂತು. ಶಿಕ್ಷಕರ ಸಂಬಳದ ದೊಡ್ಡ ಹೊರೆ ಇಂದಿಗೂ ರಾಜ್ಯಗಳದ್ದೇ. ಸಮಗ್ರ ಶಿಕ್ಷಾದಲ್ಲಿ ಮಾತ್ರ ಬಹುತೇಕ ರಾಜ್ಯಗಳಿಗೆ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಇದು 90:10. 2021ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಐದು ವರ್ಷಗಳಿಗೆ ಯೋಜನೆಯ ಒಟ್ಟು ಗಾತ್ರ 2.94 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ್ದು 1.85 ಲಕ್ಷ ಕೋಟಿ.

ಆದಾಯ ತೆರಿಗೆ ಕಟ್ಟುವವರು ಫಾರ್ಮ್ 16 ತೆಗೆದು ನೋಡಿದರೆ ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಕಾಣುತ್ತದೆ. 2004ರಲ್ಲಿ ಶೇ. 2ರಿಂದ ಶುರುವಾದ ಶಿಕ್ಷಣ ಸೆಸ್, 2007ರಲ್ಲಿ ಶೇ. 3 ಆಯಿತು. 2018ರಲ್ಲಿ ಆರೋಗ್ಯವನ್ನೂ ಸೇರಿಸಿಕೊಂಡು ಶೇ. 4ಕ್ಕೆ ಏರಿತು. ಸೆಸ್ ಹಣವನ್ನು ಕೇಂದ್ರ ಸರ್ಕಾರ ರಾಜ್ಯಗಳ ಜತೆ ತೆರಿಗೆ ಪಾಲಿನಂತೆ ಹಂಚಿಕೊಳ್ಳಬೇಕಿಲ್ಲ. ಅದು ರಾಜ್ಯಗಳಿಗೆ ತಲುಪುವುದು ಯೋಜನೆಗಳ ಮೂಲಕ, ಯೋಜನೆಯ ಷರತ್ತುಗಳ ಸಮೇತ.

ಮುಂಬೈ ಕನ್ನಡಿಗರಿಗೆ ಇನ್ನೊಂದು ಬಾಗಿಲೂ ಪರಿಚಿತ. ಅಲ್ಲಿನ ಆಸ್ತಿ ತೆರಿಗೆ ಬಿಲ್‌ನಲ್ಲಿ ಪಾಲಿಕೆಯ ಶಿಕ್ಷಣ ಸೆಸ್ ಮತ್ತು ರಾಜ್ಯದ ಶಿಕ್ಷಣ ಸೆಸ್ ಎಂದು ಎರಡು ಸಾಲುಗಳಿರುತ್ತವೆ. ಮುಂಬೈ ಮಹಾನಗರ ಪಾಲಿಕೆ ಶಿಕ್ಷಣಕ್ಕೆಂದೇ ಪ್ರತ್ಯೇಕ ಬಜೆಟ್ ಮಂಡಿಸುತ್ತದೆ. ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ದೊಡ್ಡ ಪಾಲಿಕೆಗೆ ಇರುವ ಈ ಸ್ವಂತ ಆದಾಯದ ಬಲ ಒಂದು ಗ್ರಾಮ ಪಂಚಾಯಿತಿಗೆ ಎಲ್ಲಿಂದ ಬರಬೇಕು?

ಇನ್ನು ಶೇ. 6ರ ಹಳೆಯ ಮಾತು. ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಸಲ್ಲಬೇಕು ಎಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಗುರಿಯನ್ನು ಪುನರುಚ್ಚರಿಸಿದೆ. ಆಗ ಕೇಂದ್ರ ಮತ್ತು ರಾಜ್ಯಗಳ ಒಟ್ಟು ವೆಚ್ಚ ಜಿಡಿಪಿಯ ಶೇ. 4.43ರ ಆಸುಪಾಸು ಎಂದು ಅದೇ ದಾಖಲೆ ಒಪ್ಪಿಕೊಂಡಿದೆ.

ಷರತ್ತಿಗೆ ಸಿಕ್ಕಿ ನಿಂತ ಹಣ

ಯೋಜನೆಯ ಹಣ ಷರತ್ತಿನ ಜತೆ ಬಂದಾಗ ಏನಾಗಬಹುದು ಎಂಬುದಕ್ಕೆ ತಮಿಳುನಾಡು ಉದಾಹರಣೆ. ಪಿಎಂ ಶ್ರೀ ಶಾಲಾ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕಿದರೆ ಹೊಸ ಶಿಕ್ಷಣ ನೀತಿ ಒಪ್ಪಿದಂತಾಗುತ್ತದೆ ಎಂದು ರಾಜ್ಯ ಹಿಂದೆ ಸರಿಯಿತು. 2024-25ರ ಸಮಗ್ರ ಶಿಕ್ಷಾ ಪಾಲಿನ ಸುಮಾರು 2,152 ಕೋಟಿ ರೂಪಾಯಿ ಬಿಡುಗಡೆಯಾಗಲಿಲ್ಲ. 2025ರ ಮೇ ತಿಂಗಳಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಭಾಷಾ ನೀತಿಯ ಬಗ್ಗೆ ಯಾರ ವಾದ ಸರಿ ಎಂಬುದು ಬೇರೆ ಪ್ರಶ್ನೆ. ಜಗಳದ ವರ್ಷ ಐದನೇ ತರಗತಿಯಲ್ಲಿದ್ದ ಮಗುವಿಗೆ ಆ ವರ್ಷ ಮತ್ತೆ ಸಿಗುವುದಿಲ್ಲ.

ಕೊರತೆ ತುಂಬುವವರು ಯಾರು?

ಕರ್ನಾಟಕದಲ್ಲಿ 2022ರ ಅಕ್ಟೋಬರ್‌ನಲ್ಲಿ ಒಂದು ಸುತ್ತೋಲೆ ಹೊರಬಿತ್ತು. ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ಸ್ವಯಂಪ್ರೇರಿತ ದೇಣಿಗೆ ಪಡೆಯಬಹುದು ಎಂಬುದು ಅದರ ಸಾರ. ಉಚಿತ ಶಿಕ್ಷಣದ ಹಕ್ಕಿರುವ ಕಡೆ ಇದೇನು ಎಂಬ ಟೀಕೆ ಎದ್ದು, ಸುತ್ತೋಲೆಯನ್ನು ಹಿಂಪಡೆಯಲಾಯಿತು. ಒಮ್ಮೆ ಲೆಕ್ಕ ಹಾಕಿ ನೋಡಿ: 30 ಮಕ್ಕಳ ಪೋಷಕರು ಕೊಟ್ಟಿದ್ದರೆ ವರ್ಷಕ್ಕೆ 36 ಸಾವಿರ ರೂಪಾಯಿ ಆಗುತ್ತಿತ್ತು. ಸರ್ಕಾರದ ಅನುದಾನಕ್ಕಿಂತ ಮೂರೂವರೆ ಪಟ್ಟು ಹೆಚ್ಚು! ಸುತ್ತೋಲೆ ಹೋಯಿತು, ಅದು ಬರಲು ಕಾರಣವಾದ ಕೊರತೆ ಉಳಿಯಿತು.

2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಘೋಷಿಸಿದರು. ಕೇಳಲು ಚಿಕ್ಕ ಕ್ರಮ, ಆದರೆ ಸಣ್ಣ ಶಾಲೆಗಳ ಮಟ್ಟಿಗೆ ದೊಡ್ಡದೇ. ಅನುದಾನದ ಮೊತ್ತ ಹೆಚ್ಚಿಸದೆಯೇ ಅದರ ಮೇಲಿನ ಎರಡು ಖಾಯಂ ಬಿಲ್‌ಗಳನ್ನು ಇದು ಇಳಿಸಿತು. ತಲೆ ಲೆಕ್ಕವಿಲ್ಲದೆ ಎಲ್ಲ ಶಾಲೆಗೂ ಸಲ್ಲುವ ನೆರವು ಹೇಗಿರಬಹುದು ಎಂಬುದಕ್ಕೆ ಇದು ಮಾದರಿ.

ಊಟದ ವಿಷಯದಲ್ಲೂ ಇದೇ ಕಥೆ. ಪಿಎಂ ಪೋಷಣ್ ಯೋಜನೆಯಲ್ಲಿ ಬೇಳೆ, ತರಕಾರಿ, ಎಣ್ಣೆ, ಇಂಧನಕ್ಕೆ 2025ರ ಮೇ 1ರಿಂದ ಪ್ರಾಥಮಿಕ ಮಗುವಿಗೆ ದಿನಕ್ಕೆ 6.78 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10.17 ರೂಪಾಯಿ. ಮೊಟ್ಟೆ ಇದರಲ್ಲಿ ಬರುವುದಿಲ್ಲ. ರಾಜ್ಯ ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿತ್ತು. ಉಳಿದ ನಾಲ್ಕು ದಿನದ ಮೊಟ್ಟೆಗೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಒದಗಿಸಲು ಮುಂದೆ ಬಂತು. ಮಕ್ಕಳ ತಟ್ಟೆಗೆ ಮೊಟ್ಟೆ ಬಂದಿದ್ದು ಖುಷಿಯ ವಿಷಯವೇ. ಆದರೆ ದೇಣಿಗೆಗೆ ಅವಧಿ ಇರುತ್ತದೆ, ಹಸಿವಿಗೆ ಇರುವುದಿಲ್ಲ.

ನಿಮ್ಮೂರ ಶಾಲೆಯ ಲೆಕ್ಕ ನೋಡುವುದು ಹೇಗೆ?

ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ಜಾಲತಾಣದಲ್ಲಿ 'ನೋ ಯುವರ್ ಸ್ಕೂಲ್' ವಿಭಾಗವಿದೆ. ರಾಜ್ಯ, ಜಿಲ್ಲೆ, ಬ್ಲಾಕ್ ಆಯ್ಕೆ ಮಾಡಿಕೊಂಡು ಶಾಲೆಯ ಹೆಸರು ಹುಡುಕಿದರೆ ವರದಿ ಕಾರ್ಡ್ ತೆರೆದುಕೊಳ್ಳುತ್ತದೆ. ತರಗತಿವಾರು ಮಕ್ಕಳ ಸಂಖ್ಯೆ, ಶಿಕ್ಷಕರು, ಕೊಠಡಿ, ಶೌಚಾಲಯದ ವಿವರದ ಜತೆ ಬಂದ ಅನುದಾನ ಮತ್ತು ಖರ್ಚಾದ ಮೊತ್ತವೂ ಅದರಲ್ಲಿರುತ್ತದೆ. ಮುಂಬೈ, ಪುಣೆಯಲ್ಲಿ ಕೂತು ಹುಟ್ಟೂರಿನ ಶಾಲೆಗೆ ಬೆಂಚು, ಬ್ಯಾಗ್ ಕೊಡಿಸಲು ಹೊರಡುವ ಹಳೆಯ ವಿದ್ಯಾರ್ಥಿಗಳು ಮೊದಲು ಈ ಕಾರ್ಡ್ ನೋಡುವುದು ಒಳ್ಳೆಯದು. ಶಾಲೆಯ ಅಭಿವೃದ್ಧಿ ಯೋಜನೆಯ ಪ್ರತಿಯನ್ನು ಎಸ್‌ಡಿಎಂಸಿ ಬಳಿ ಕೇಳಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ, ಶಾಲೆ ಕೇಳಿದ್ದೆಷ್ಟು, ಬಂದಿದ್ದೆಷ್ಟು ಎಂಬುದು ತಿಳಿಯುತ್ತದೆ.